ತಕ್ಕಡಿಯಪ್ಪನ ಫುಲ್ ಸಸ್ಪೆನ್ಷನ್

ತಕ್ಕಡಿಯಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಯಾರೂ ದೊಡ್ಡ ಗುಣವೆಂದು ತಪ್ಪು ತಿಳಿಯಬಾರದು. ಬರೀ ಅಭ್ಯಾಸದ ಕೊರತೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇನ್‌ಸ್ಪೆಕ್ಟರಾಗಿದ್ದು, ಅಂಗಡಿಯಿಂದ ಅಂಗಡಿಗೆ ತಿರುಗಿ, ತಕ್ಕಡಿ ತಟ್ಟೆಯ ಅಡಿಗೆ ಅಂಟಿಸಿಟ್ಟ ಮೇಣದುಂಡೆಗಳನ್ನು ಕೆರೆದು ತೆಗೆಯುವುದರಲ್ಲೇ ಅವನ ಆಯಸ್ಸು ಸವೆದಿತ್ತು. ಬೇರೆಯವರ ಸುಳ್ಳು ಹಿಡಿಯುವ ಗಡಿಬಿಡಿಯಲ್ಲಿ ಸ್ವಂತಕ್ಕೊಂದು ಕಲಿಯಲು ಪುರುಸೊತ್ತಾಗಿರಲಿಲ್ಲ. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದು, ಉಳಿದೆಲ್ಲ ಕಡೆ ತಕ್ಕಡಿಯಪ್ಪ ಎಂದೇ ಆಗಿಹೋಗಿತ್ತು.

ಅಂಗಡಿಯವರೆಲ್ಲ ಅವನಿಗೆ ಹೆದರುತ್ತಿದ್ದರು. ಅವನು ಹೆದರುತ್ತಿದ್ದದ್ದು ಲೋಕದಲ್ಲಿ ಒಬ್ಬಳಿಗೆ, ಅಕ್ಕನಿಗೆ.

ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಇವನಿಗೆ ಆರು. ಅಂದಿನಿಂದ ತಲೆ ಬಾಚಿದವಳು, ಮಗ್ಗಿ ಒಪ್ಪಿಸಿಕೊಂಡವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು, ಜ್ವರ ಇಳಿದ ಕೂಡಲೇ ಬೈದವಳು ಅವಳೇ. ಮದುವೆಯಾಗಲಿಲ್ಲ. ಹುಡುಗಿಯರ ಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಮೇಡಂ ಆಗಿದ್ದು ಸೀಟಿ ಊದಿದಳು. ಪ್ರತಿ ಭಾನುವಾರ ಊರಾಚೆಯ ಬೆಟ್ಟವನ್ನು ತುದಿಯವರೆಗೆ ಹತ್ತಿ, ಬೆವರೊರೆಸಿಕೊಂಡು ಮನೆಗೆ ಬಂದು, ಇನ್ನೂ ಹಾಸಿಗೆಯಲ್ಲೇ ಹೊರಳುತ್ತಿದ್ದ ತಮ್ಮನಿಗೆ, "ಏಳೋ ಮಂಕೆ, ಬೆಟ್ಟ ನಿನ್ನ ಹತ್ರ ಬರಲ್ಲ!" ಎನ್ನುತ್ತಿದ್ದಳು. ಐವತ್ತಮೂರು ವರ್ಷದಲ್ಲಿ ಅವಳು ಅವನನ್ನು ಹೊಗಳಿದ ದಾಖಲೆ ಇಲ್ಲ.

ಈಗ ಆ ಅಕ್ಕ ಎರಡು ತಿಂಗಳಿಂದ ಆಸ್ಪತ್ರೆಯ ಮೂರನೇ ಮಹಡಿಯ ಹೆಂಗಸರ ವಾರ್ಡಿನಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿದ್ದಳು. ಹೊಟ್ಟೆಯಲ್ಲಿ ಸೇರಿಕೊಂಡ ಕಾಯಿಲೆಗೆ ಡಾಕ್ಟರುಗಳು ಉದ್ದನೆಯ ಹೆಸರು ಹೇಳಿ, ಆಮೇಲೆ ದನಿ ತಗ್ಗಿಸುತ್ತಿದ್ದರು. ಮೂರು ವಾರದಿಂದ ಅವಳು ಊಟ ಬಿಟ್ಟಿದ್ದಳು. ಬೈಯುವುದನ್ನೂ ಬಿಟ್ಟಿದ್ದಳು. ಊಟ ಬಿಟ್ಟದ್ದಕ್ಕಿಂತ ತಕ್ಕಡಿಯಪ್ಪನಿಗೆ ಹೆಚ್ಚು ಭಯ ಹುಟ್ಟಿಸಿದ್ದು ಈ ಎರಡನೆಯದು.

ಒಂದು ಶನಿವಾರ ಅವನು ಕಲ್ಲಿದ್ದಲ ಡಿಪೋದ ದೊಡ್ಡ ತೂಕದ ಯಂತ್ರ ಪರೀಕ್ಷಿಸಿ ಆಸ್ಪತ್ರೆಗೆ ಬರುವ ದಾರಿಯಲ್ಲಿ, ನೀರಿನ ಪೈಪಿನವರು ತೋಡಿ ಮರೆತಿದ್ದ ಗುಂಡಿಗೆ ಬಿದ್ದ. ಮೊಣಕಾಲಿನವರೆಗೆ ಕೆಸರು, ಮೊಣಕೈ ತರಚಿ ರಕ್ತ. ಹಾಗೇ ವಾರ್ಡಿಗೆ ಬಂದ.

ನರ್ಸಮ್ಮ ಕಣ್ಣರಳಿಸಿದಳು. "ಅಯ್ಯೋ ಸಾರ್, ನಿಮಗೂ ಬೆಟ್ಟದ ಸೈಕಲ್ ಹುಚ್ಚಾ? ವಾರ ವಾರ ಕೆಳಗಡೆ ನಾಲ್ಕು ಜನ ಹೀಗೇ ಬರ್ತಾರೆ ಪಟ್ಟಿ ಕಟ್ಟಿಸ್ಕೊಳ್ಳೋಕೆ."

'ಅಲ್ಲಮ್ಮ, ಗುಂಡಿ' ಎಂದು ಹೇಳಬೇಕೆಂದೇ ಅವನು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಇತ್ತ ತಿರುಗಿ ನೋಡುತ್ತಿದ್ದಳು. ಐವತ್ತಮೂರನೇ ವಯಸ್ಸಿನಲ್ಲಿ, ಹಗಲಲ್ಲಿ, ನಡುರಸ್ತೆಯಲ್ಲಿ ಗುಂಡಿಗೆ ಬಿದ್ದೆ ಎಂದು ಡ್ರಿಲ್ ಮೇಡಂ ಎದುರು ಒಪ್ಪಿಕೊಳ್ಳುವುದು ಹೇಗೆ?

"ಹ್ಞೂಂ," ಎಂದ.

"ನೀನಾ?" ಅಕ್ಕನ ದನಿ ಬಾವಿಯೊಳಗಿಂದ ಬಂದಂತಿತ್ತು. "ಬೆಟ್ಟಾನಾ? ಸೈಕಲ್ ಮೇಲಾ?"

"ಹ್ಞೂಂ ಅಕ್ಕ."

"ಎಷ್ಟು ದೂರ ಹತ್ದೆ?"

"ತುದೀವರೆಗೂ."

ಅಕ್ಕ ಮೊಣಕೈಯೂರಿ ಎದ್ದು ಕೂತಳು. ಮೂರು ವಾರದಲ್ಲಿ ಮೊದಲ ಸಲ. "ಥೂ ನಿನ್ನ, ಮೈ ಕೈ ಎಲ್ಲ ಹರ್ಕೊಂಡು ಬಂದಿದೀಯಲ್ಲೋ ಮಂಕೆ! ಹೇಗೆ ಬಿದ್ದೆ ಹೇಳು," ಎಂದಳು. ಅವನು ಹೇಳುತ್ತಾ ಹೋದ. ಅವಳು ಕೇಳುತ್ತಾ, ನರ್ಸಮ್ಮ ಹಿಡಿದ ಚಮಚಕ್ಕೆ ತಾನರಿಯದೆ ಬಾಯಿ ತೆರೆಯುತ್ತಾ ಹೋದಳು. ಕಲ್ಲು ಬಂಡೆ ಬಂದಾಗ ಒಂದು ಚಮಚ, ತಿರುವಿನಲ್ಲಿ ಜಾರಿದಾಗ ಇನ್ನೊಂದು. ಅವನು ತುದಿ ಮುಟ್ಟುವ ಹೊತ್ತಿಗೆ ಸೂಪಿನ ಬಟ್ಟಲು ಖಾಲಿಯಾಗಿತ್ತು.

ಹೊರಗೆ ಬಂದಾಗ ನರ್ಸಮ್ಮ, "ನಾಳೇನೂ ಬೆಟ್ಟ ಹತ್ತಿ ಸಾರ್," ಎಂದಳು.

ಮರುದಿನ ಅವನು ಆಸ್ಪತ್ರೆಯ ಹೂದೋಟದ ನಲ್ಲಿಯಡಿ ಪ್ಯಾಂಟಿಗೆ ಕೆಸರು ಹಚ್ಚಿಕೊಂಡು ಮೇಲೆ ಹೋದ. ಅದರ ಮರುದಿನವೂ. ಒಂದೇ ಬೆಟ್ಟವನ್ನು ವಾರಕ್ಕೆ ಏಳು ಸಲ ಹತ್ತುವವನು ಲೋಕದಲ್ಲಿ ಅವನೊಬ್ಬನೇ ಆದ. ಆದರೆ ಬಟ್ಟಲು ಖಾಲಿಯಾಗುತ್ತಿತ್ತು. ಖಾಲಿ ಬಟ್ಟಲಿನ ಎದುರು ನ್ಯಾಯ ಅನ್ಯಾಯ ತೂಗುವ ತಕ್ಕಡಿ ಅವನಲ್ಲಿರಲಿಲ್ಲ.

ಎಡವಟ್ಟಾದದ್ದು ವಾರ್ಡಿನ ಎಳೆಯ ಡಾಕ್ಟರಿಂದ. ಅವರು ನಿಜವಾಗಿಯೂ ಬೆಟ್ಟದ ಸೈಕಲ್ಲಿನವರು.

"ಸಾರ್! ನೀವೂ ರೈಡರ್ರಂತೆ! ಯಾವ ಬೈಕು? ಟ್ರಾವೆಲ್ ಎಷ್ಟು?"

"ಟ್ರಾವೆಲ್ಲು..." ತಕ್ಕಡಿಯಪ್ಪ ಲೆಕ್ಕ ಹಾಕಿದ. "ನಮ್ಮ ಮನೆಯಿಂದ ಆರು ಕಿಲೋಮೀಟರ್."

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಲುಕಾಟ ತಡೆಯುವ ಶಾಕು ಎಷ್ಟು ಮಿಲಿಮೀಟರ್ ಕುಗ್ಗುತ್ತದೋ ಅದಕ್ಕೆ ಟ್ರಾವೆಲ್ ಎನ್ನುವರೆಂದು ಇವನಿಗೆ ಗೊತ್ತಿಲ್ಲ; ಇವನಿಗೆ ಗೊತ್ತಿಲ್ಲವೆಂದು ಅವರಿಗೆ ಗೊತ್ತಿಲ್ಲ. "ಒಳ್ಳೆ ಜೋಕು ಸಾರ್. ಶಾಕು ಮುಂದೆ ಮಾತ್ರಾನಾ, ಹಿಂದೇನೂ ಇರೋ ಫುಲ್ ಸಸ್ಪೆನ್ಷನ್ನಾ?"

ಅಕ್ಕ ನೋಡುತ್ತಿದ್ದಳು. ಅರ್ಧ, ಪೂರ್ತಿ ಎಂಬ ಎರಡರಲ್ಲಿ ಪೂರ್ತಿಯೇ ಮರ್ಯಾದೆ ಎಂದು ಅವನಿಗನ್ನಿಸಿತು. "ಫುಲ್ಲೇ ಸಾರ್," ಎಂದ.

"ಸೂಪರ್! ಮುಂದಿನ ವಾರ ತಂದು ತೋರಿಸಿ."

"ನಂಗೂ ತೋರ್ಸು," ಎಂದಳು ಅಕ್ಕ.

ಹೀಗೆ ಬುಧವಾರ ಮಧ್ಯಾಹ್ನ ತಕ್ಕಡಿಯಪ್ಪ ಅರ್ಧ ದಿನ ರಜೆ ಹಾಕಿ, ಮುಖ್ಯ ಬೀದಿಯ ದೊಡ್ಡ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿದ. ಅವನನ್ನು ಕಂಡದ್ದೇ ಅಂಗಡಿಯವನು ಬೆವೆತ. "ಸಾಹೇಬ್ರೇ, ನಮ್ಮಲ್ಲಿ ತಕ್ಕಡಿ ಇಲ್ಲ!"

"ಸೈಕಲ್ ಬೇಕಾಗಿತ್ತು. ಫುಲ್ ಸಸ್ಪೆನ್ಷನ್."

"ಯಾರಿಗೆ?"

"ನನಗೆ."

ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಆಮೇಲೆ ವ್ಯಾಪಾರಿಯಾದ. ಚಕ್ರ ಇಪ್ಪತ್ತೊಂಬತ್ತು ಇಂಚೋ ಇಪ್ಪತ್ತೇಳೂವರೆಯೋ? ಚೌಕಟ್ಟು ಮೀಡಿಯಮ್ಮೋ ಲಾರ್ಜೋ? ಟ್ರಾವೆಲ್ ನೂರಿಪ್ಪತ್ತೋ ನೂರೈವತ್ತೋ? ಹತ್ತೋದು ಜಾಸ್ತಿಯೋ ಇಳಿಯೋದು ಜಾಸ್ತಿಯೋ? ತಕ್ಕಡಿಯಪ್ಪ ತನಗೆ ಗೊತ್ತಿದ್ದ ಒಂದೇ ಪ್ರಶ್ನೆ ಕೇಳಿದ. "ತೂಕ ಎಷ್ಟು?"

"ಹದಿಮೂರು ಕಿಲೋ ಎಂಟುನೂರು ಗ್ರಾಂ. ಚೀಟಿ ಇದೆ ನೋಡಿ."

ತಕ್ಕಡಿಯಪ್ಪ ಚೀಲದಿಂದ ಇಲಾಖೆಯ ಕೊಕ್ಕೆ ತಕ್ಕಡಿ ತೆಗೆದು, ಸೈಕಲನ್ನು ತೂಗುಹಾಕಿದ. "ಹದಿನಾಲ್ಕು ಕಿಲೋ ನಾನೂರು."

"ಪೆಡಲ್ ಬಿಟ್ಟು ಹೇಳೋದು ಸಾರ್! ಲೋಕದಲ್ಲೆಲ್ಲ ಹಾಗೇ!"

"ಪೆಡಲ್ ಬಿಟ್ಟು ಓಡಿಸ್ತಾರಾ?"

ಅಂಗಡಿಯವನು ದಂಡದ ಭಯದಲ್ಲಿ ಬೆಲೆ ಇಳಿಸಹೋದ. ಇವನು ಲಂಚವಾದೀತೆಂದು ಒಪ್ಪಲಿಲ್ಲ. ಗಿರಾಕಿ ಪೂರ್ತಿ ಕೊಡುವೆನೆಂದೂ ವ್ಯಾಪಾರಿ ಬೇಡವೆಂದೂ ಚೌಕಾಸಿ ಮಾಡಿದ್ದು ಆ ಅಂಗಡಿಯ ಚರಿತ್ರೆಯಲ್ಲಿ ಅದೇ ಮೊದಲು. ಬೆಲೆ ಕೇಳಿ ಮಾತ್ರ ತಕ್ಕಡಿಯಪ್ಪ ಟಯರುಗಳ ರಾಶಿಯ ಮೇಲೆ ಸ್ವಲ್ಪ ಹೊತ್ತು ಕೂತ.

"ಬೈಕು ತುಂಬಾ ಒಳ್ಳೇದು ಸಾರ್," ಎಂದ ಅಂಗಡಿಯವನು ನೀರು ಕೊಡುತ್ತಾ. "ಟಯರು, ಹ್ಯಾಂಡಲು, ಸೀಟಿನ ಕಂಬ ಬದಲಾಯಿಸಿಬಿಡೋಣ."

"ಒಳ್ಳೇದು ಅಂದ್ರಲ್ಲ?"

"ಒಳ್ಳೇದು ಅಂತಲೇ ಬದಲಾಯಿಸೋದು. ಕೆಟ್ಟದ್ದನ್ನ ಯಾರಾದ್ರೂ ಸುಧಾರಿಸ್ತಾರಾ?"

ಇಲಾಖೆಯ ಕೈಪಿಡಿಯಲ್ಲಿಲ್ಲದ ಈ ತರ್ಕಕ್ಕೆ ತಕ್ಕಡಿಯಪ್ಪ ತಲೆಬಾಗಿದ. ಟ್ಯೂಬಿಲ್ಲದ ಟಯರು ಬಂತು. ಮನೆಯ ಗೇಟಿಗಿಂತ ಅಗಲವಾದ ಹ್ಯಾಂಡಲು ಬಂತು. ಹ್ಯಾಂಡಲಿನಲ್ಲೊಂದು ಗುಂಡಿ ಒತ್ತಿದರೆ ಕೂತವನ ಸಮೇತ ಸರ್ರನೆ ಕೆಳಗಿಳಿಯುವ ಸೀಟು ಬಂತು. ಕೊನೆಗೆ ಅಂಗಡಿಯವನು ಅವನನ್ನು ಹತ್ತಿಸಿ ಕೂರಿಸಿ, ಹಿಂದಿನ ಶಾಕಿಗೆ ಪಂಪಿನಿಂದ ಗಾಳಿ ತುಂಬಿದ. ಶಾಕಿನ ನುಣುಪಾದ ದಂಡದ ಮೇಲೆ ಒಂದು ಪುಟ್ಟ ರಬ್ಬರ್ ಉಂಗುರ. ಕೂತವರ ಭಾರಕ್ಕೆ ಶಾಕು ಕುಗ್ಗಿದಷ್ಟೂ ಉಂಗುರ ಸರಿದು ಅಲ್ಲೇ ನಿಲ್ಲುತ್ತದೆ. "ನಿಮ್ಮ ತೂಕ ಎಪ್ಪತ್ನಾಲ್ಕು. ಉಂಗುರ ಹದಿನೈದು ಮಿಲಿಮೀಟರಿಗೆ ನಿಂತಿದೆ. ಸರಿಯಾಗಿದೆ," ಎಂದ ಅಂಗಡಿಯವನು. ಇಡೀ ದಿನದಲ್ಲಿ ತಕ್ಕಡಿಯಪ್ಪನಿಗೆ ಅರ್ಥವಾದದ್ದು ಇದೊಂದು. 'ಓ, ಇದೂ ಒಂದು ತಕ್ಕಡಿಯೇ' ಎಂದು ಸಮಾಧಾನವಾಯಿತು.

ಅದೇ ಹೊತ್ತಿಗೆ ಇತ್ತ ಕಚೇರಿಯಲ್ಲಿ ಫೋನು ಬಡಿದುಕೊಂಡಿತು. ಎತ್ತಿದವನು ಜವಾನ. ಆ ಕಡೆ ಎಳೆಯ ಡಾಕ್ಟರು.

"ನಾನು ಡಾಕ್ಟರು ಮಾತಾಡ್ತಿರೋದು. ನಿಮ್ಮ ಇನ್‌ಸ್ಪೆಕ್ಟರ್ ಇಲ್ವಾ? ಅವರದು ಫುಲ್ ಸಸ್ಪೆನ್ಷನ್ ಅಲ್ವಾ, ಅದಕ್ಕೆ ಹೇಳ್ತಿದ್ದೆ. ಅಭ್ಯಾಸ ಇಲ್ಲದವರಿಗೆ ಮೊದಮೊದಲು ಕಷ್ಟ ಆಗುತ್ತೆ. ಹಿಂದಿಂದು ಮುಂದಿಂದು ಎರಡೂ ಸರಿಯಾಗಿ ಚೆಕ್ ಮಾಡಿಸ್ಕೊಳ್ಳೋಕೆ ಹೇಳಿ."

ಇಲಾಖೆಯ ಆಯುಕ್ತರೂ ಡಾಕ್ಟರೇಟ್ ಪಡೆದವರು, ಎಲ್ಲರೂ ಅವರನ್ನು ಡಾಕ್ಟರು ಎಂದೇ ಕರೆಯುವುದು. ಜವಾನ ಎದ್ದು ನಿಂತು ಕೈಮುಗಿದ. ಫೋನಿಟ್ಟವನು ತಕ್ಕಡಿಯಪ್ಪನ ಖಾಲಿ ಕುರ್ಚಿ ನೋಡಿದ. ಹಿಂದಿನದು, ಮುಂದಿನದು, ಎರಡೂ ತನಿಖೆ! ಅರ್ಧ ಗಂಟೆಯಲ್ಲಿ ಕಚೇರಿಗೆಲ್ಲ ಗೊತ್ತಾಯಿತು. ಒಂದು ಗಂಟೆಯಲ್ಲಿ ಪೇಟೆಗೆ ಗೊತ್ತಾಗಿ, ಮೂರು ಅಂಗಡಿಯವರು ಒಳಗಿಟ್ಟಿದ್ದ ಹಳೆಯ ತಕ್ಕಡಿಗಳನ್ನು ಧೂಳು ಕೊಡವಿ ಹೊರಗಿಟ್ಟರು. ಸಂಜೆಯೊಳಗೆ ತಕ್ಕಡಿಯಪ್ಪನ ಮನೆಯ ಮುಂದೆ ಸಾಂತ್ವನ ಹೇಳುವವರ ಚಪ್ಪಲಿಗಳು ಸಾಲುಗಟ್ಟಿದ್ದವು. ವಕೀಲರ ಗುಮಾಸ್ತನಾಗಿದ್ದ ಹೆಂಡತಿಯ ತಮ್ಮ, ಮೇಲ್ಮನವಿಯ ಕರಡನ್ನು ಮೂರು ಪ್ರತಿ ಟೈಪು ಮಾಡಿಸಿಕೊಂಡೇ ಬಂದಿದ್ದ.

ತಕ್ಕಡಿಯಪ್ಪ ಸೈಕಲನ್ನು ಗೇಟಿನಲ್ಲಿ ಅಡ್ಡಡ್ಡ ತೂರಿಸಿ, ಕಾಂಪೌಂಡಿಗೆ ಒರಗಿಸಿ ಒಳಗೆ ಬಂದರೆ, ಹೆಂಡತಿಯ ಕಣ್ಣು ಕೆಂಪಾಗಿತ್ತು. ಸೈಕಲ್ ವಿಷಯ ಗೊತ್ತಾಗಿಬಿಟ್ಟಿದೆ ಎಂದುಕೊಂಡ.

"ನಂಗೊಂದು ಮಾತು ಹೇಳಬಾರದಾಗಿತ್ತಾ ರೀ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅನ್ನದೆ ಬೇಕು ಅಂತಾರಾ ಯಾರಾದ್ರೂ! ಫುಲ್ ಸಸ್ಪೆನ್ಷನ್ನಂತೆ!"

"ಅರ್ಧದ್ದೂ ಇತ್ತು," ತಕ್ಕಡಿಯಪ್ಪ ತಲೆ ತಗ್ಗಿಸಿದ. "ನಾನೇ ಫುಲ್ ಇರ್ಲಿ ಅಂತ ಕೇಳಿದೆ."

ಹೆಂಡತಿ ಗೋಡೆ ಹಿಡಿದುಕೊಂಡಳು. ಭಾವಮೈದುನ ಮುಂದೆ ಬಂದ. "ಭಾವ, ಎಷ್ಟು ದಿನಕ್ಕೆ?"

"ಜೋಪಾನವಾಗಿ ನೋಡ್ಕೊಂಡ್ರೆ ಹತ್ತು ವರ್ಷ ಅಂದ."

"ಹತ್ತು ವರ್ಷ!" ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರು ಕೂತಲ್ಲೇ ಕುಸಿದರು. "ಅಷ್ಟರಲ್ಲಿ ಇವರಿಗೆ ರಿಟೈರ್ಮೆಂಟೇ ಆಗುತ್ತಲ್ಲಪ್ಪಾ!"

"ಆಮೇಲೇನೇ ಸಾರ್ ಅದರ ಸುಖ," ಎಂದ ತಕ್ಕಡಿಯಪ್ಪ. "ಬೇಕಾದಾಗ ಬೆಟ್ಟಕ್ಕೆ ಹೋಗಬಹುದು."

ದುಃಖಕ್ಕೆ ಬುದ್ಧಿ ಭ್ರಮಣೆಯಾಗಿದೆ ಎಂದು ಎಲ್ಲರಿಗೂ ಖಚಿತವಾಯಿತು. ಅವನನ್ನು ಬಲವಂತವಾಗಿ ಮಲಗಿಸಿದರು.

ಮರುದಿನ ಬೆಳಿಗ್ಗೆ ಕಚೇರಿಯ ದೊಡ್ಡ ಸಾಹೇಬರು ಕರೆಸಿ, "ನನ್ನ ಸಹಿ ಇಲ್ಲದೆ ನಿಮ್ಮನ್ನ ಸಸ್ಪೆಂಡ್ ಮಾಡೋನು ಯಾವನ್ರೀ?" ಎಂದು ಮೇಜು ಗುದ್ದಿದಾಗಲೇ ತಕ್ಕಡಿಯಪ್ಪನಿಗೆ ಕಥೆ ತಿಳಿದದ್ದು. ಸೈಕಲನ್ನೇ ಒಳಗೆ ತರಿಸಿ ತೋರಿಸಿದ. ಸಾಹೇಬರಿಗೆ ನಂಬಿಕೆ ಬರಲು ಹತ್ತಿ ಕೂರಬೇಕಾಯಿತು. ಕೂತವರು ಕೈಗೆ ಸಿಕ್ಕ ಗುಂಡಿ ಒತ್ತಿದರು. ಸಿಬ್ಬಂದಿಯ ಎದುರು ದೊಡ್ಡ ಸಾಹೇಬರು ಅಷ್ಟು ಕೆಳಗಿಳಿದದ್ದನ್ನು ಆ ಕಚೇರಿ ಎಂದೂ ಕಂಡಿರಲಿಲ್ಲ. "ಸಸ್ಪೆಂಡ್ ಆಗಿಲ್ಲ ಅಂತ ಬರೆದುಕೊಡಿ," ಎಂದು ಅವರು ಕೆಳಗಿನಿಂದಲೇ ಆಜ್ಞೆ ಮಾಡಿದರು.

ಎಲ್ಲ ನಕ್ಕರು. ತಕ್ಕಡಿಯಪ್ಪನೂ ನಕ್ಕ. ಅಷ್ಟರಲ್ಲಿ ನರ್ಸಮ್ಮನ ಫೋನು ಬಂತು. "ಸಾರ್, ನಿಮ್ಮ ಭಾವಮೈದುನರು ಹಣ್ಣು ತಗೊಂಡು ಬಂದಿದ್ರು. ಏನೋ ಕಾಗದಕ್ಕೆ ಮೇಡಂ ಸಹಿ ಬೇಕು ಅಂದ್ರು. ಆವಾಗಿಂದ ಮೇಡಂ ಗೋಡೆ ಕಡೆ ತಿರುಗಿ ಮಲಗಿದಾರೆ. ಬಾಯೇ ತೆರೀತಿಲ್ಲ."

ಅವನು ಓಡಿದ. ಅಕ್ಕನ ಬೆನ್ನು ಮಾತ್ರ ಕಾಣುತ್ತಿತ್ತು. ನೈಟಿಯ ಬಟ್ಟೆಯಡಿ ಬೆನ್ನುಮೂಳೆಯ ಗಂಟುಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು.

"ಅಕ್ಕ."

"ಲಂಚ ತಗೊಂಡ್ಯಾ?" ಗೋಡೆಗೇ ಕೇಳಿದಳು.

"ಇಲ್ಲ ಅಕ್ಕ. ದೇವರಾಣೆ ಇಲ್ಲ."

"ಮತ್ತೆ ಸಸ್ಪೆಂಡ್ ಯಾಕಾದೆ? ಕೆಲಸ ಹೋದದ್ದು ಮುಚ್ಚಿಡೋಕೆ ಬೆಟ್ಟ ಗಿಟ್ಟ ಅಂತ ಕಥೆ ಕಟ್ತಿದ್ಯಾ ದಿನಾ? ನಾನು ಸಾಯ್ತೀನಿ ಅಂತ ನಂಗೆ ಸುಳ್ಳು ಹೇಳೋದಾ? ಬೆಟ್ಟ ಹತ್ತಿದ್ದು ನಿಜಾನೋ ಸುಳ್ಳೋ, ಅಷ್ಟು ಹೇಳು."

ಕೆಲಸ ಹೋಗಿದ್ದು ಸುಳ್ಳು. ಬೆಟ್ಟ ಹತ್ತಿದ್ದೂ ಸುಳ್ಳು. ಒಂದನ್ನು ಹೇಳಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ. ತಕ್ಕಡಿಯಪ್ಪ ಕೆಳಗಿಳಿದು ಹೋದ. ಕಚೇರಿಯಿಂದ ಸೈಕಲ್ ತಂದು, ಹೆಗಲ ಮೇಲೆ ಹೊತ್ತು, ಮೂರು ಮಹಡಿ ಹತ್ತಿದ. ಲಿಫ್ಟಿನಲ್ಲಿ ಹ್ಯಾಂಡಲು ಹಿಡಿಸಿರಲಿಲ್ಲ.

"ಸಾರ್! ಇದು ವಾರ್ಡು! ಚಕ್ರದ ಕುರ್ಚಿ ಬಿಟ್ಟು ಬೇರೆ ಚಕ್ರ ಬರೋ ಹಾಗಿಲ್ಲ!" ನರ್ಸಮ್ಮ ಬಾಗಿಲಿಗೆ ಅಡ್ಡ ನಿಂತಳು. ಹಿಂದಿನಿಂದ ಬಂದ ಎಳೆಯ ಡಾಕ್ಟರು, "ಓಹೋ! ಫುಲ್ ಸಸ್ಪೆನ್ಷನ್!" ಎಂದು ಮಗುವಿನಂತೆ ಕೂಗಿದರು.

ಆ ಮಾತಿಗೆ ಅಕ್ಕ ತಿರುಗಿದಳು.

ಡಾಕ್ಟರೇ ಎಲ್ಲ ವಿವರಿಸಿದರು: ಮುಂದಿನ ಫೋರ್ಕು, ಹಿಂದಿನ ಶಾಕು, ಎರಡೂ ಇದ್ದರೆ ಫುಲ್. ಅಕ್ಕ ಸೈಕಲನ್ನು ನೋಡಿದಳು, ತಮ್ಮನನ್ನು ನೋಡಿದಳು. ಕಡ್ಡಿಯಂಥ ಕೈ ಚಾಚಿ ಸೀಟನ್ನು ಅದುಮಿದಳು. ಆಮೇಲೆ ಅವಳ ಹೊಟ್ಟೆಯೊಳಗಿಂದ ಒಂದು ವಿಚಿತ್ರ ಸದ್ದು ಬಂತು. ನರ್ಸಮ್ಮ ಗಾಬರಿಯಾದಳು. ಅದು ನಗು.

"ಇದಾ ನಿನ್ನ ಸಸ್ಪೆನ್ಷನ್ನು! ಇದಕ್ಕಾ ಅವನು ಮೂರು ಪ್ರತಿ ಟೈಪ್ ಮಾಡಿಸ್ಕೊಂಡು ಬಂದಿದ್ದು!" ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಹತ್ಸೋ ನನ್ನ," ಎಂದಳು.

ನರ್ಸಮ್ಮ ಬೇಡವೆಂದಳು, ಡಾಕ್ಟರು ಬೇಡವೆನ್ನಲಿಲ್ಲ. ಗುಂಡಿ ಒತ್ತಿ ಸೀಟನ್ನು ತಳಕ್ಕೆ ಇಳಿಸಿ, ಸವಾರರ ಅಭ್ಯಾಸದಂತೆ ಶಾಕಿನ ಉಂಗುರವನ್ನು ಮೊದಲಿನ ಜಾಗಕ್ಕೆ ಸರಿಸಿದರು. ಒಂದು ಕಡೆ ಡಾಕ್ಟರು, ಒಂದು ಕಡೆ ನರ್ಸಮ್ಮ ಹಿಡಿದು ಅವಳನ್ನು ಕೂರಿಸಿದರು. ತಕ್ಕಡಿಯಪ್ಪ ಹಿಂದೆ ನಿಂತು ಬೈಕನ್ನು ಹಿಡಿದಿದ್ದ. ಅಕ್ಕ ಹ್ಯಾಂಡಲು ಹಿಡಿದು ಬೆನ್ನು ನೇರ ಮಾಡಿ, ಕಿಟಕಿಯಾಚೆಯ ಬೆಟ್ಟವನ್ನು ನೋಡುತ್ತಾ, "ಬಿಡ್ರೀ ಕೈ, ನಾನು ಕೂತ್ಕೋತೀನಿ," ಎಂದಳು. ಇಬ್ಬರೂ ಒಂದು ಕ್ಷಣ ಕೈ ಸಡಿಲಿಸಿದರು.

ತಕ್ಕಡಿಯಪ್ಪನ ಕಣ್ಣು ಅಭ್ಯಾಸಬಲದಿಂದ ರಬ್ಬರ್ ಉಂಗುರದ ಮೇಲೆ ಹೋಯಿತು.

ಅದು ಏಳು ಮಿಲಿಮೀಟರ್ ಸರಿದಿತ್ತು. ಅಷ್ಟೂ ಇಲ್ಲ, ಆರೂವರೆ.

ಮಂಚದ ತುದಿಗೆ ನೇತುಹಾಕಿದ್ದ ಹಲಗೆಯಲ್ಲಿ ಅವಳು ಸೇರಿದ ದಿನ ಬರೆದ ನಲವತ್ತೆಂಟು ಕಿಲೋ ಹಾಗೇ ಇತ್ತು. ಅಷ್ಟು ತೂಕಕ್ಕೆ ಉಂಗುರ ಹತ್ತರ ಹತ್ತಿರ ನಿಲ್ಲಬೇಕಿತ್ತು. ನಿಲ್ಲಲಾರದವಳನ್ನು ಆಮೇಲೆ ಯಾರೂ ತೂಗಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಹೋಗಿ ನಿಂತ ಅಂಗಡಿಗಳಲ್ಲೆಲ್ಲ ಅಳತೆ ತಪ್ಪಿರಲಿ ಎಂದು ಒಮ್ಮೆಯೂ ಬಯಸಿರಲಿಲ್ಲ. ಈಗ ಬಯಸಿದ. ಗಾಳಿ ಹೆಚ್ಚಾಗಿರಬಹುದು, ಅವಳು ಸರಿಯಾಗಿ ಕೂತಿರಲಿಕ್ಕಿಲ್ಲ, ಉಂಗುರ ಎಲ್ಲೋ ಸಿಕ್ಕಿಕೊಂಡಿರಬಹುದು ಎಂದು ಏನೇನೋ ಅಂದುಕೊಂಡ. ಇಷ್ಟು ದಿನ ಖಾಲಿಯಾದ ಸೂಪಿನ ಬಟ್ಟಲುಗಳೆಲ್ಲ ಎಲ್ಲಿ ಹೋದವು? ಅವನು ತಲೆ ಎತ್ತಿದಾಗ ಎಳೆಯ ಡಾಕ್ಟರೂ ಆ ಉಂಗುರವನ್ನೇ ನೋಡುತ್ತಿದ್ದರು. ಅವರಿಗೂ ಆ ಲೆಕ್ಕ ಬರುತ್ತಿತ್ತಲ್ಲ.

"ಏನೋ ಹಿಂದೆ ಮೂಗು ಸುರ್ ಸುರ್ ಅನ್ನಿಸ್ತಿದೀಯ?" ಎಂದಳು ಅಕ್ಕ ತಿರುಗದೆ.

"ನೆಗಡಿ ಅಕ್ಕ."

"ಬೆಟ್ಟದ ಗಾಳಿ. ಕಿವಿಗೆ ಬಟ್ಟೆ ಕಟ್ಕೊಂಡು ಹೋಗು." ಆಮೇಲೆ, "ಭಾನುವಾರ ಎಂಟು ಗಂಟೆಗೆ ತುದೀಲಿ ನಿಂತು ಕನ್ನಡಿ ತಿರುಗ್ಸು. ಬಿಸಿಲಿಗೆ ಹೊಳೆಯುತ್ತೆ. ಇಲ್ಲಿಂದ ನೋಡ್ತೀನಿ," ಎಂದಳು.

ಭಾನುವಾರ ಬೆಳಗ್ಗೆ ಹೆಂಡತಿ ಗೋಡೆಯ ಮೇಲಿನ ತನ್ನ ದುಂಡು ಕನ್ನಡಿ ಇಳಿಸಿ, ಟವೆಲಿನಲ್ಲಿ ಸುತ್ತಿ ಅವನ ಬೆನ್ನಿಗೆ ಕಟ್ಟಿದಳು. ಸೈಕಲಿನ ಬೆಲೆ ತಿಳಿದ ದಿನದಿಂದ ಅವಳು ಅವನೊಂದಿಗೆ ಮಾತು ಬಿಟ್ಟಿದ್ದಳು. "ಒಡೆದ್ರೆ ಮನೆಗೆ ಬರಬೇಡಿ," ಎಂದಳು. ಗೇಟು ದಾಟುವಾಗ ಹಿಂದಿನಿಂದ ಕೂಗಿದಳು: "ಅಕ್ಕನವರಿಗೆ ಕಾಣೋ ಹಾಗೆ ಎತ್ತಿ ಹಿಡೀರಿ!"

ಬೆಟ್ಟದ ಬುಡದಲ್ಲಿ ತಕ್ಕಡಿಯಪ್ಪ ಸೈಕಲ್ ಹತ್ತಿದ. ಇಪ್ಪತ್ತು ಮಾರು ಹೋಗಿ ಇಳಿದ. ಮತ್ತೆ ಹತ್ತಿದ, ಮತ್ತೆ ಇಳಿದ. ಆಮೇಲೆ ತಳ್ಳಿದ. ಬೆಟ್ಟದ ಅರ್ಧದಲ್ಲಿ ಎಂಟು ಗಂಟೆಯಾಯಿತು. ಹಿಂದಿನಿಂದ ಬಂದ ಸವಾರರು, "ಸೂಪರ್ ಬೈಕ್ ಅಂಕಲ್!" ಎಂದು ಅವನನ್ನು ದಾಟಿ ಹೋದರು. ಸೂಪರ್ ಬೈಕು ಹದಿನಾಲ್ಕು ಕಿಲೋ ನಾನೂರು ಗ್ರಾಂ. ಕಡಿದಾದ ಜಾಗದಲ್ಲಿ ಅದನ್ನು ಹೊತ್ತ. ಪೆಡಲ್ ಬಿಟ್ಟು ಹೇಳುವ ತೂಕ ಎಷ್ಟು ದೊಡ್ಡ ಮೋಸ ಎಂದು ಅವನ ಹೆಗಲಿಗೆ ಅಂದು ಪ್ರತಿ ಗ್ರಾಮೂ ಹೇಳಿತು. ಎದೆ ಡವಗುಟ್ಟಿತು. ಎರಡು ಸಲ ವಾಂತಿಯಾಯಿತು. ತುದಿ ಮುಟ್ಟಿದಾಗ ಒಂಬತ್ತೂಕಾಲು.

ಊರು ಕೆಳಗೆ ಹರಡಿತ್ತು. ಬಿಳಿಯ ಆಸ್ಪತ್ರೆ ಬೆರಳಿನಷ್ಟು ಕಾಣುತ್ತಿತ್ತು. ಅವನು ಕನ್ನಡಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ತಿರುಗಿಸಿದ. "ಅಕ್ಕಾ! ಲೇಟಾಯ್ತು ಅಕ್ಕಾ!" ಎಂದು ಕೂಗಿದ. ಸವಾರರು ಪರಸ್ಪರ ಮುಖ ನೋಡಿಕೊಂಡು ದೂರ ಸರಿದು ನಿಂತರು. ಅರ್ಧ ಗಂಟೆ ತಿರುಗಿಸಿ, ಕನ್ನಡಿ ಕಟ್ಟಿಕೊಂಡು ಇಳಿದ. ಹತ್ತುವಾಗ ಒಬ್ಬ ಸವಾರ ಹೇಳಿದನೆಂದು ಶಾಕುಗಳು ಕುಗ್ಗದಂತೆ ಹಾಕಿಕೊಂಡಿದ್ದ ಬೀಗವನ್ನು ಇಳಿಯುವಾಗ ತೆಗೆಯಲು ಮರೆತಿದ್ದ. ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದ ಫುಲ್ ಸಸ್ಪೆನ್ಷನ್ ಕೆಲಸ ಮಾಡಬೇಕಾದ ಒಂದೇ ಒಂದು ದಿನ ಅದು ಕೆಲಸ ಮಾಡಲಿಲ್ಲ. ಹಲ್ಲು, ಮೂಳೆ, ಬೆನ್ನು ಒಂದಕ್ಕೊಂದು ಬಡಿದುಕೊಳ್ಳುತ್ತಾ ಆಸ್ಪತ್ರೆ ತಲುಪಿದ.

ಕಿಟಕಿಯ ಪಕ್ಕದ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು.

ಅವನ ಕಾಲು ಅಲ್ಲೇ ನಿಂತಿತು. ನರ್ಸಮ್ಮ ಓಡಿ ಬಂದು ತೋಳು ಹಿಡಿದಳು. "ಇದ್ದಾರೆ ಸಾರ್, ಇದ್ದಾರೆ. ಬೆಳಿಗ್ಗೆ ಆರಕ್ಕೆ ಉಸಿರಾಟ ತೊಂದ್ರೆ ಆಯ್ತು. ಒಳಗಿನ ಕೋಣೆಗೆ ಹಾಕಿದಾರೆ."

ಒಳಗಿನ ಕೋಣೆಗೆ ನಾಲ್ಕು ಗೋಡೆ, ಒಂದು ಬಾಗಿಲು, ಒಂದು ಟ್ಯೂಬ್‌ಲೈಟು. ಕಿಟಕಿ ಇರಲಿಲ್ಲ. ಅಕ್ಕನ ಮೂಗಿಗೆ ನಳಿಕೆ ಸಿಕ್ಕಿಸಿದ್ದರು. ಕಣ್ಣು ತೆರೆದಿತ್ತು.

"ಎಂಟು ಗಂಟೆ ಅಂದಿದ್ದೆ," ಎಂದಳು. ಒಂದೊಂದು ಮಾತಿಗೂ ನಡುವೆ ಉಸಿರು ಹುಡುಕಬೇಕಿತ್ತು. "ಒಂಬತ್ತಕ್ಕೆ ತುದಿಗೆ ಬಂದೆ."

ಅವನು ಗೋಡೆಗಳನ್ನು ನೋಡಿದ. ಗೋಡೆಯ ಮೇಲಿನ ಗಡಿಯಾರ ನೋಡಿದ. "ಕಾಣಿಸ್ತಾ ಅಕ್ಕ?"

"ಕಾಣದೆ ಏನು? ಕಣ್ಣಿಗೇ ಹೊಡೀತು. ಸಾಕು ನಿಲ್ಸೋ ಅಂತ ಕೂಗಿದೆ."

ತಕ್ಕಡಿಯಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಬೆಟ್ಟ ಹತ್ತಿಬಂದ ಮೇಲೆ ಸುಳ್ಳು ಹೇಳುವ ಅಗತ್ಯವಿರಲಿಲ್ಲ. ಆ ಮುಖದ ಎದುರು ಇನ್ನು ಒಂದು ಗ್ರಾಮಿನಷ್ಟೂ ಕಡಿಮೆ ತೂಗಬಾರದು ಎನ್ನಿಸಿತು. "ಅಕ್ಕ, ನಾನು ಬರೀ ಸೈಕಲ್ ತಳ್ಕೊಂಡು ಹೋದೆ. ಮುಕ್ಕಾಲು ಪಾಲು ತಳ್ಳಿದ್ದೇ. ಒಂದೆರಡು ಕಡೆ ಹೊತ್ಕೊಂಡೆ. ಮುಂಚೆ ಹೇಳಿದ್ದೆಲ್ಲಾನೂ..."

"ಸುಮ್ನಿರೋ ಮಂಕೆ." ಅಕ್ಕನ ಕೈ ಹೊದಿಕೆಯಡಿಯಿಂದ ಬಂದು ಅವನ ಕೆಸರು ಮೆತ್ತಿದ ಮಂಡಿಯ ಮೇಲೆ ಕೂತಿತು. ಕೂತದ್ದು ಗೊತ್ತಾಗದಷ್ಟು ಹಗುರ. "ನಂಗೆ ಸುಳ್ಳು ಹೇಳ್ಬೇಡ. ಬುಡದಿಂದ ನೋಡ್ತಾ ಇದ್ದೆ ನಾನು. ಒಂದ್ಸಲಾನೂ ಇಳೀಲಿಲ್ಲ ನೀನು. ಒಂದೇ ಒಂದ್ಸಲಾನೂ."

ಆಮೇಲೆ ಅವಳು ಒಂಬತ್ತು ದಿನ ಇದ್ದಳು. ನೋಡಲು ಬಂದವರಿಗೆಲ್ಲ, ಮಾತು ಇರುವವರೆಗೆ, ತನ್ನ ಹಳೆಯ ವಿದ್ಯಾರ್ಥಿನಿಯರಿಗೆ, ಡಾಕ್ಟರಿಗೆ, ಕಸ ಗುಡಿಸುವವಳಿಗೆ, ತಮ್ಮ ಬೆಟ್ಟ ಹತ್ತಿದ್ದನ್ನು ಹೇಳಿದಳು. ಕೊನೆಕೊನೆಗೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಅದನ್ನೇ ಹೇಳುತ್ತಿದ್ದಾಳೆಂದು ಎಲ್ಲರಿಗೂ ತಿಳಿಯುತ್ತಿತ್ತು.

ಅವಳು ಹೋದ ಮೇಲೆ ಮನೆ ತುಂಬ ಜನ. ಮೇಲ್ಮನವಿಯ ಮೂರು ಪ್ರತಿಗಳ ಪಾಪಪ್ರಜ್ಞೆಯಲ್ಲಿ ಭಾವಮೈದುನ ಬಂದವರಿಗೆಲ್ಲ ಕುರ್ಚಿ ಹಾಕುತ್ತಾ ಓಡಾಡುತ್ತಿದ್ದ. ಕಾಂಪೌಂಡಿಗೆ ಒರಗಿದ್ದ ಸೈಕಲನ್ನು ಸುತ್ತಿ ಸುತ್ತಿ ನೋಡಿದ ಪೋಸ್ಟ್ ಮಾಸ್ಟರು, ಒಳಗೆ ಬಂದು ತಕ್ಕಡಿಯಪ್ಪನ ಪಕ್ಕ ಕೂತು, ಮೆಲ್ಲಗೆ ಕೇಳಿದರು.

"ಏನೋ ಅಂತಾರಪ್ಪ ಜನ. ಆ ಬೆಟ್ಟಾನ ನೀನು ಸೈಕಲ್ಲಿಂದ ಒಂದ್ಸಲಾನೂ ಇಳೀದೆ ಹತ್ತಿದ್ಯಂತೆ. ನಿಜಾನಾ?"

ಇಪ್ಪತ್ತೊಂಬತ್ತು ವರ್ಷದ ಇನ್‌ಸ್ಪೆಕ್ಟರ್ ತಕ್ಕಡಿಯಪ್ಪ ತಲೆ ಎತ್ತಿದ.

"ನಿಜ ಸಾರ್," ಎಂದ. "ಅಕ್ಕ ನೋಡಿದಾಳೆ."